ಪಿಗ್ಮಿ ಪುಸ್ತಕ ಹಿಡಿದು 108 ದಿನ ನಡೆದೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ಕಥೆ. 108 ದಿನ, ದಿನಕ್ಕೆ 8 ಕಿಲೋಮೀಟರ್. ಎರಡು ದಿನ ತಪ್ಪಿತು, ಹಾಗಾಗಿ ಒಟ್ಟು 850 ಕಿ.ಮೀ. ಹತ್ತಿರ ಅಂದುಕೊಳ್ಳಿ. ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬರುವ ಬಡ ರೋಗಿಗಳ ಬಸ್ ಚಾರ್ಜಿಗೆ ಅಂತ ಬಂದ ದುಡ್ಡು 83 ಸಾವಿರದ ಆಸುಪಾಸು. ಖರ್ಚು ಒಂದು ಜೊತೆ ಶೂ, ಎರಡು ನೋಟ್‌ಬುಕ್, ಒಂದು ಡಬ್ಬಿ ವ್ಯಾಸಲೀನ್. ಇದು ಆಗುವ ಮಾತಲ್ಲ ಅಂದವರು ಬಳ್ಳಾರಿಯಲ್ಲಿ ಬೇಕಾದಷ್ಟು ಜನ ಇದ್ದರು. ಅವರಲ್ಲಿ ಸುಮಾರು ಜನ ದುಡ್ಡೂ ಕೊಟ್ಟರು. ಅದು ಹೇಗೆ ಅಂತ ಮುಂದೆ ಬರುತ್ತೆ.

ನನ್ನದು ಜೆರಾಕ್ಸ್ ಅಂಗಡಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಆಧಾರ್, ಬಿಪಿಎಲ್ ಕಾರ್ಡ್, ಡಿಸ್ಚಾರ್ಜ್ ಹಾಳೆ ಇವೇ ದಿನವಿಡೀ. ಡಯಾಲಿಸಿಸ್‌ಗೆ ಬರುವವರ ಮುಖ ಪರಿಚಯ ಆಗಿಬಿಡುತ್ತೆ, ಯಾಕೆಂದರೆ ಅವರು ವಾರಕ್ಕೆ ಎರಡು ಮೂರು ಸಲ ಬರಲೇಬೇಕು. ಸಿರುಗುಪ್ಪ ಕಡೆಯವರೊಬ್ಬರು ಒಂದು ದಿನ ಹೀಗಂದರು: "ಡಯಾಲಿಸಿಸ್ ಪುಗಸಟ್ಟೆ ಐತೆ, ಬಸ್ಸು ಪುಗಸಟ್ಟೆ ಇಲ್ಲ. ಜೊತಿಗೆ ಬರೋ ಹೆಂಡ್ತಿಗೆ ಟಿಕೆಟ್ ಫ್ರೀ, ರೋಗಿ ನಾನು, ನನಗೆ ದುಡ್ಡು." ನಗುತ್ತಲೇ ಹೇಳಿದರು. ಹಿಂದಿನ ವಾರ ಒಂದು ಸಲ ತಪ್ಪಿಸಿದ್ದರು, ಕಾಲು ಊದಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಎಷ್ಟೋ ಅನುಕೂಲ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಡು ರೋಗಿಗೆ ಹೋಗಿ ಬರಲು 140 ರೂಪಾಯಿ ಹತ್ತಿರ ಬೇಕು. ಹಳ್ಳಿಯಿಂದ ಮೇನ್ ರೋಡಿಗೆ ಬರುವ ಆಟೋ ಬೇರೆ. ನಾನು ಹಿಡಿದದ್ದು ಇಷ್ಟೇ ಕೆಲಸ: ಬಸ್ ಚಾರ್ಜು. ಔಷಧಿ, ಇಂಜೆಕ್ಷನ್ ಕಡೆ ಕೈ ಹಾಕಲಿಲ್ಲ. ಅದು ನಮ್ಮಂಥವರ ಕೈಗೆ ನಿಲ್ಲುವ ಲೆಕ್ಕ ಅಲ್ಲ.

ಈಗ ಸೋತ ಕಥೆ. ಎರಡು ಸಲ ಸೋತಿದ್ದೇನೆ.

ಮೊದಲನೇ ಸಲ 2023ರಲ್ಲಿ. ಎಲ್ಲರೂ ಮಾಡುವ ಹಾಗೇ ಮಾಡಿದೆ. ತಿಂಗಳು ಪೂರ್ತಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ, ಕಿಲೋಮೀಟರಿಗೆ 2 ರೂಪಾಯಿ ಕೊಡಿ ಅಂತ ವಾಟ್ಸಾಪ್‌ನಲ್ಲಿ ಹಾಕಿದೆ. 62 ಜನ ಹೂಂ ಅಂದರು. ದಿನಾ ಸ್ಕ್ರೀನ್‌ಶಾಟ್ ಹಾಕಿದೆ, ದಿನಾ ಕೈಮುಗಿಯುವ ಚಿತ್ರ ಬಂತು. ಲೆಕ್ಕದ ಪ್ರಕಾರ 26 ಸಾವಿರ ಬರಬೇಕಿತ್ತು. ಕೊಟ್ಟವರು 19 ಜನ, ಬಂದದ್ದು 8 ಸಾವಿರ. ಉಳಿದವರನ್ನು ಕೇಳೋಕೆ ನನಗೇ ನಾಚಿಕೆ. ಒಬ್ಬರು ಮದುವೆಯಲ್ಲಿ ನನ್ನ ನೋಡಿ ಊಟದ ಪಂಕ್ತಿಯನ್ನೇ ಬದಲಾಯಿಸಿದರು.

ಎರಡನೇದು 2024ರಲ್ಲಿ, ಇನ್ನೂ ದೊಡ್ಡ ಪೆಟ್ಟು. ಗುಂಪು ಕಟ್ಟಿದೆ. 23 ಜನ, ತಲೆಗೆ 200 ಪ್ರವೇಶ ಶುಲ್ಕ, ಯಾರ ಹೆಜ್ಜೆ ಜಾಸ್ತಿಯೋ ಅವರಿಗೆ ಶಾಲು. ಟೀ ಶರ್ಟ್‌ಗೆ 6 ಸಾವಿರ, ಬ್ಯಾನರ್‌ಗೆ 1,400, ನೀರು, ಬಾಳೆಹಣ್ಣು, ಮೊದಲ ದಿನದ ಒಗ್ಗಾಣಿ ಮಿರ್ಚಿಗೆ ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿ. ಟೀ ಶರ್ಟ್ ಮೇಲೆ ಹೆಸರು ಹಾಕಿಸಿಕೊಂಡ ಅಂಗಡಿಯವರು 8 ಸಾವಿರ ಅಂದವರು 5 ಕೊಟ್ಟರು. ಕೂಡಿ ಕಳೆದು ಕೊನೆಗೆ ಉಳಿದದ್ದು 300 ರೂಪಾಯಿ. ಮೂವರು ರೋಗಿಗಳು ಒಂದು ಸಲ ಬಂದು ಹೋಗೋಕೂ ಆ ದುಡ್ಡು ಸಾಕಾಗಲಿಲ್ಲ.

ಅದರ ಮೇಲೆ ಮೋಸ ಬೇರೆ. ಒಬ್ಬರು ದಿನಾ 24 ಸಾವಿರ ಹೆಜ್ಜೆ ತೋರಿಸುತ್ತಿದ್ದರು. ಆಮೇಲೆ ಗೊತ್ತಾಯಿತು, ಫೋನನ್ನು ಮೊಮ್ಮಗನ ಸೊಂಟಕ್ಕೆ ಕಟ್ಟಿ ಆಟಕ್ಕೆ ಬಿಡುತ್ತಿದ್ದರು! ನನಗೂ ಕುತೂಹಲ ಆಗಿ ಒಂದು ಪ್ರಯೋಗ ಮಾಡಿದೆ. ಫೋನನ್ನು ಜೇಬಲ್ಲಿಟ್ಟು ಸ್ಕೂಟರ್‌ನಲ್ಲಿ ಕೌಲ್ ಬಜಾರ್‌ವರೆಗೆ ಹೋಗಿ ಬಂದೆ. 1,100 ಹೆಜ್ಜೆ ಬಿತ್ತು. ನಮ್ಮ ರೋಡು ಹಂಗಿದೆ. ಅವತ್ತೇ ಹೆಜ್ಜೆ ಲೆಕ್ಕ ಬಿಟ್ಟೆ. ಆ ಹತ್ತು ಸಾವಿರ ಅನ್ನೋದೇ 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರೋಕೆ ಇಟ್ಟ ಹೆಸರು, ಅದಕ್ಕೆ ಇಷ್ಟು ಮರ್ಯಾದೆ ಯಾಕೆ?

ಮೂರನೇ ಸಲ ಹೊಳೆದದ್ದು ನನ್ನ ಹಳೇ ಕಸುಬು. ಅಂಗಡಿ ಹಾಕುವ ಮೊದಲು 17 ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವನು ನಾನು. ಪಿಗ್ಮಿ ಅಂದರೆ ದಿನಾ ಅಂಗಡಿ, ಮನೆ ಬಾಗಿಲಿಗೇ ಹೋಗಿ ಕಟ್ಟಿಸಿಕೊಳ್ಳುವ ಚಿಲ್ಲರೆ ಉಳಿತಾಯ. ನಮ್ಮ ಕರ್ನಾಟಕದ್ದೇ ಹುಟ್ಟು, 1928ರಲ್ಲಿ ಸಿಂಡಿಕೇಟ್ ಬ್ಯಾಂಕ್‌ನವರು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು. ಆ ಬ್ಯಾಂಕೇ 2020ರಲ್ಲಿ ಕೆನರಾ ಜೊತೆ ಸೇರಿಹೋಯಿತು, ಪಿಗ್ಮಿ ಅನ್ನೋ ಮಾತು ಮಾತ್ರ ಊರೂರಲ್ಲಿ ಉಳಿದಿದೆ. ತಿಂಗಳಿಗೆ 300 ಕೇಳಿದರೆ ಮುಖ ಸಿಂಡರಿಸುವ ಅಂಗಡಿಯವನು ದಿನಕ್ಕೆ 10 ಕೇಳಿದರೆ ಗಲ್ಲಾಪೆಟ್ಟಿಗೆಯಿಂದ ನೋಡದೇ ತೆಗೆದು ಕೊಡುತ್ತಾನೆ. ಇದು ಗೊತ್ತಿದ್ದೂ ಎರಡು ವರ್ಷ ವಾಟ್ಸಾಪ್ ಹಿಂದೆ ಓಡಿದೆನಲ್ಲ!

ಅಂದರೆ ನಡೆಯೋ ದಾರಿನೇ ವಸೂಲಿ ದಾರಿ. ಪಾರ್ಕಿನಲ್ಲಿ ಸುತ್ತು ಹಾಕುವುದಿಲ್ಲ. ಕೊಡುವವರ ಅಂಗಡಿ ಮುಂದೆಯೇ ನಡೆಯಬೇಕು, ಅವರು ಕಣ್ಣಾರೆ ನೋಡಬೇಕು, ಅಲ್ಲೇ 10 ರೂಪಾಯಿ ಕೊಡಬೇಕು, ಅಲ್ಲೇ ಪುಸ್ತಕದಲ್ಲಿ ಟಿಕ್ ಬೀಳಬೇಕು. ಬೆಳಿಗ್ಗೆ 4 ಕಿ.ಮೀ. ಸುಮ್ನೆ ನಡಿಗೆ. ಸಂಜೆ 4 ಕಿ.ಮೀ. ರಾಯಲ್ ಸರ್ಕಲ್‌ನಿಂದ ಬೆಂಗಳೂರು ರಸ್ತೆ, ಬ್ರೂಸ್‌ಪೇಟೆ, ತೇರು ಬೀದಿ ಹೀಗೆ. ಕೌಲ್ ಬಜಾರ್ ದಿನ ಬಿಟ್ಟು ದಿನ.

2025ರ ಜನವರಿ 26ಕ್ಕೆ ಶುರು ಮಾಡಿದೆ, 74 ಅಂಗಡಿಯಿಂದ. ಮೊದಲ ವಾರ ಕಾಲಿಗಿಂತ ಬಾಯಿ ಜಾಸ್ತಿ ನೋವು. ಒಂದೊಂದು ಅಂಗಡಿಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. 4 ಕಿ.ಮೀ.ಗೆ ಎರಡೂವರೆ ತಾಸು ಹಿಡಿಯಿತು. ಊರಲ್ಲಿ ಹಿಂದೆ ಒಂದು ಸೊಸೈಟಿಯವರು ಬಾಗಿಲು ಹಾಕಿಕೊಂಡು ಹೋಗಿದ್ದರು, ಹಾಗಾಗಿ ಪಿಗ್ಮಿ ಪುಸ್ತಕ ಕಂಡರೇ ಕೆಲವರಿಗೆ ಸಿಟ್ಟು. "ಮತ್ತೆ ಬಂದೇನಪ್ಪಾ?" ಅಂದವರೂ ಇದ್ದಾರೆ. ಅದಕ್ಕೆ ಮೂವರ ಹೆಸರಲ್ಲಿ ಬೇರೆ ಖಾತೆ ತೆಗೆಸಿದೆ. ಪ್ರತಿ ಸೋಮವಾರ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಅದರ ಜೆರಾಕ್ಸ್ ತೆಗೆದು 74 ಅಂಗಡಿಗೂ ಕೊಟ್ಟೆ. ಜೆರಾಕ್ಸ್ ನನ್ನದೇ ಅಲ್ವಾ, ಖರ್ಚಿಲ್ಲ. 80ಜಿ, ಅಂದರೆ ದಾನಕ್ಕೆ ತೆರಿಗೆ ವಿನಾಯಿತಿಯ ರಸೀದಿ ಕೇಳಿದ ಇಬ್ಬರು ವ್ಯಾಪಾರಿಗಳಿಗೆ ನೇರವಾಗಿ ಇಲ್ಲ ಅಂದೆ. ಟ್ರಸ್ಟ್ ಇಲ್ಲದೆ ಅದು ಆಗಲ್ಲ. 10 ರೂಪಾಯಿಗೆ ಯಾರಿಗೆ ಬೇಕು ತೆರಿಗೆ ವಿನಾಯಿತಿ?

ಮೂರನೇ ವಾರದಿಂದ ಎರಡೂವರೆ ತಾಸಿನ ದಾರಿ ಒಂದು ತಾಸು ಹತ್ತು ನಿಮಿಷಕ್ಕೆ ಬಂತು. ಅಂಗಡಿಯವರೇ ಹತ್ತು ರೂಪಾಯಿ ತೆಗೆದು ಕಟ್ಟೆ ಮೇಲೆ ಇಡುವ ಹಾಗೆ ಮಾಡಿದೆ. ಹೇಗೆ ಮಾಡಿದೆ ಅಂತ ಕೇಳಬೇಡಿ, ಅದು 17 ವರ್ಷದ ಸಂಪಾದನೆ. ಒಂದು ಮಾತ್ರ ಹೇಳುತ್ತೇನೆ: ಬೋಣಿ ಆಗದ ಅಂಗಡಿಗೆ ಕೈ ಚಾಚಬೇಡಿ. ಬೋಣಿ ಆಗಿದೆಯೋ ಇಲ್ಲವೋ ಅಂತ ಹೊರಗೆ ನಿಂತೇ ತಿಳಿಯುತ್ತೆ, ಕಲಿತುಕೊಳ್ಳಿ.

ಫೋನ್‌ಪೇಯಲ್ಲಿ ತಿಂಗಳಿಗೊಮ್ಮೆ ಹಾಕುತ್ತೇನೆ ಅಂದವರು 12 ಜನ. ಮಾರ್ಚ್‌ಗೆ ಮೂವರು ಉಳಿದಿದ್ದರು. ದಿನಾ ಹತ್ತು ಕೊಟ್ಟವರಲ್ಲಿ ಬಿಟ್ಟುಹೋದವರು ನಾಲ್ಕೇ ಜನ, ಅದರಲ್ಲಿ ಒಬ್ಬರು ಅಂಗಡಿಯನ್ನೇ ಮುಚ್ಚಿದರು.

ಯಾರೂ ಎಚ್ಚರಿಸದೇ ಇದ್ದ ತೊಂದರೆ ಒಂದಿತ್ತು. ಹತ್ತು ರೂಪಾಯಿ ನಾಣ್ಯ! ನಮ್ಮ ಕಡೆ ಆ ನಾಣ್ಯ ನಡೆಯಲ್ಲ ಅನ್ನೋ ಗಾಳಿಸುದ್ದಿ ಇನ್ನೂ ಇದೆ. 14 ವಿನ್ಯಾಸದ್ದೂ ನಡೆಯುತ್ತೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ, ಯಾರು ಕೇಳುತ್ತಾರೆ? ಗಲ್ಲಾದ ಮೂಲೆಯಲ್ಲಿ ಬಿದ್ದಿದ್ದ ನಾಣ್ಯಗಳೆಲ್ಲ ಧರ್ಮಕ್ಕೆ ಅಂತ ನನ್ನ ಜೇಬಿಗೆ ಬಂದವು. ಒಂದು ನಾಣ್ಯ 7.71 ಗ್ರಾಂ. ಸಂಜೆಗೆ 45 ನಾಣ್ಯ ಅಂದರೆ ಸುಮಾರು 350 ಗ್ರಾಂ, ಅದೂ ಬಲಗಡೆ ಜೇಬಲ್ಲಿ. ಹತ್ತನೇ ದಿನಕ್ಕೆ ತೊಡೆ ಉಜ್ಜಿ ಉಜ್ಜಿ ಕೆಂಪಗೆ ಗಾಯ. ನಡೆ ಕೂಡ ಒಂದು ಕಡೆ ವಾಲಿತ್ತು ಅಂತ ಹೆಂಡತಿ ಹೇಳಿದಳು. ಆಮೇಲೆ ಹಳೇ ಪಿಗ್ಮಿ ಚೀಲವನ್ನೇ ಸೊಂಟಕ್ಕೆ ಕಟ್ಟಿದೆ. ಬ್ಯಾಂಕಿನ ಕ್ಯಾಷಿಯರ್ ನಾಣ್ಯ ನೋಡಿ ಬೇಡ ಅನ್ನಲಿಲ್ಲ, ನಾಳೆ ಬಾ ಅಂದರು, ಮೂರು ಸಲ. ಕೊನೆಗೆ ಎರಡು ಸಾವಿರ ನಾಣ್ಯಕ್ಕಿಂತ ಜಾಸ್ತಿ ಬೇರೊಂದು ಕಡೆ ಚಲಾವಣೆ ಮಾಡಿ ನೋಟು ಮಾಡಿಕೊಂಡೆ. ಆ ಜಾಗ ಹೇಳಲ್ಲ, ಮುಂದಿನ ವರ್ಷ ಮತ್ತೆ ಬೇಕು.

ಕಾಲಿನ ವಿಷಯ ದಿನಾ ನಡೆಯುವವರಿಗೆ ಗೊತ್ತೇ ಇದೆ, ಉದ್ದ ಎಳೆಯಲ್ಲ. ಶೂ ಒಂದು ನಂಬರ್ ದೊಡ್ಡದು, ಬೆರಳ ಸಂದಿಗೆ ವ್ಯಾಸಲೀನ್. 30ನೇ ದಿನದ ಹೊತ್ತಿಗೆ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಪಾದದ ಕೆಳಗೆ ಹತ್ತು ನಿಮಿಷ ಉರುಳಿಸಿದೆ, ಮೂರು ವಾರದಲ್ಲಿ ಹೋಯಿತು. ಏಪ್ರಿಲ್ ಬಂದ ಮೇಲೆ ಬೆಳಗಿನ ನಡಿಗೆ ಐದೂಕಾಲಿಗೆ. ಸಂಜೆದು ಏಳರ ಮೇಲೆ. ಆದರೂ ಪ್ರಯೋಜನ ಇಲ್ಲ, ಕೋಟೆ ಗುಡ್ಡದ ಬಂಡೆ ಹಗಲು ಕುಡಿದ ಬಿಸಿಯನ್ನು ರಾತ್ರಿಯಿಡೀ ಉಗುಳುತ್ತೆ. ಬಳ್ಳಾರಿಯವರಿಗೆ ಇದನ್ನು ಹೇಳಬೇಕಿಲ್ಲ.

ಒಂದು ಸಂಜೆ ಅಂಗಡಿ ಕಟ್ಟೆ ಮೇಲೆ ಕೂತು ಗಟಗಟ ನೀರು ಕುಡಿಯುತ್ತಿದ್ದೆ. ಸಿರುಗುಪ್ಪದವರು ಬಸ್ಸಿಗೆ ಹೊರಟಿದ್ದವರು ನಿಂತು ಬಾಟಲಿಯನ್ನೇ ನೋಡಿದರು. "ನನಗೆ ದಿನಕ್ಕೊಂದು ಚೆಂಬು ಅಷ್ಟೇ ಅಣ್ಣಾ. ಕುಡೀರಿ, ಕುಡೀರಿ, ನೋಡಿದ್ರ ನನಗೂ ತಂಪಾಗ್ತತಿ" ಅಂದರು. ಅವತ್ತಿನಿಂದ ಅಂಗಡಿ ಮುಂದೆ ನೀರು ಕುಡಿಯುವುದು ಬಿಟ್ಟೆ. ಒಳಗೆ ಮಷಿನ್ ಹಿಂದೆ ನಿಂತು ಕುಡಿಯುತ್ತೇನೆ.

ರಂಜಾನ್ ಮಾರ್ಚ್ ತಿಂಗಳಲ್ಲಿ ಬಿತ್ತು. ಕೌಲ್ ಬಜಾರ್‌ನಲ್ಲಿ ಆರೂವರೆಗೆ ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಇಫ್ತಾರ್ ಮುಗಿಸಿ ಅವರು ವಾಪಸ್ ಬರುವ ಹೊತ್ತಿಗೆ ನನ್ನ ದಾರಿ ತಿರುಗಿಸಿದೆ. ಖರ್ಜೂರ ತಿಂದೂ ತಿಂದೂ ತೂಕ ಇಳಿಯಲಿಲ್ಲ. ಒಬ್ಬ ವ್ಯಾಪಾರಿ ಜಕಾತ್ ಅಂತ 8 ಸಾವಿರ ಕೊಟ್ಟರು, ಬಡ ರೋಗಿಗಳಿಗೆ ಮಾತ್ರ, ಬೇರೆ ಯಾವುದಕ್ಕೂ ಮುಟ್ಟಬಾರದು ಅಂತ. ಅದಕ್ಕೆ ಪುಸ್ತಕದಲ್ಲಿ ಬೇರೆ ಪುಟ ಮಾಡಿದೆ.

ಮಧ್ಯೆ ಹುಚ್ಚು ಪ್ರಯೋಗಗಳೂ ನಡೆದವು. ಬೆನ್ನ ಮೇಲೆ ಕ್ಯೂಆರ್ ಕೋಡ್ ಅಂಟಿಸಿಕೊಂಡು ಒಂದು ವಾರ ನಡೆದೆ. ಬಂದದ್ದು ಸೊನ್ನೆ. ನಡೆಯುವವನ ಹಿಂದೆ ಓಡಿ ಸ್ಕ್ಯಾನ್ ಮಾಡುವವರು ಯಾರು? ಒಂದು ಭಾನುವಾರ ಕುರುಗೋಡಿನ ದೊಡ್ಡಬಸವೇಶ್ವರ ಗುಡಿವರೆಗೆ ನಡೆದೆ, 30 ಕಿ.ಮೀ. ಹತ್ತಿರ. ಫೋಟೋಗೆ ಮೆಚ್ಚುಗೆ ಸುರಿಮಳೆ, ದುಡ್ಡು 2,300, ಎರಡು ಉಗುರು ಕಪ್ಪಾದವು. ಉದ್ದ ನಡೆದರೆ ಹೊಗಳುತ್ತಾರೆ, ದಿನಾ ನಡೆದರೆ ಕೊಡುತ್ತಾರೆ.

ಇನ್ನು ಬಾಜಿ ವಿಷಯ. ಶುರುವಿನಲ್ಲೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೆ: ಒಂದು ದಿನ ತಪ್ಪಿದರೆ ನನ್ನ ಕೈಯಿಂದ 500 ದಂಡ. ಇದನ್ನು ನೋಡಿ ಜನ ನಾನು ತಪ್ಪುವುದನ್ನೇ ಕಾಯತೊಡಗಿದರು. 41ನೇ ದಿನ ವಾಂತಿ ಭೇದಿ ಆಗಿ ಮಲಗಿದೆ. ಮಾರನೇ ದಿನ 500 ಕಟ್ಟಿ ಎಲ್ಲರಿಗೂ ಪುಟ ತೋರಿಸಿದೆ. ಅವತ್ತೇ ಐದು ಅಂಗಡಿಯವರು ಹೊಸದಾಗಿ ಸೇರಿದರು! ಆಮೇಲೆ "ನೀನು ಏಪ್ರಿಲ್ ದಾಟಲ್ಲ, ದಾಟಿದರೆ 500" ಅನ್ನುವವರು ಶುರುವಾದರು. ಅಂಥವರಿಂದಲೇ ಆರು ಸಾವಿರಕ್ಕೆ ಕಮ್ಮಿ ಇಲ್ಲ. ಮುಂದಿನ ಸಲ ಇಂಥವರನ್ನೇ ಮೊದಲು ಹುಡುಕುತ್ತೇನೆ.

ದುಡ್ಡು ಹಂಚುವಾಗ ನಗದು ಮುಂಗಡ ಕೊಡುವುದಿಲ್ಲ. ಬಸ್ ಟಿಕೆಟ್ ತರಬೇಕು, ಅವತ್ತಿನ ಡಯಾಲಿಸಿಸ್ ಚೀಟಿ ತೋರಿಸಬೇಕು. ಒಬ್ಬರು ಬೇರೆಯವರ ಟಿಕೆಟ್ ಆರಿಸಿ ತಂದಿದ್ದರು, ದಿನಾಂಕ ಹೊಂದಲಿಲ್ಲ. ಬೈಯಲಿಲ್ಲ, ಅವರಿಗೂ ಆಟೋ ಚಾರ್ಜು ಕೊಡಬೇಕಿತ್ತಲ್ಲ. ಅದಕ್ಕೂ 20 ರೂಪಾಯಿ ಸೇರಿಸಬೇಕು ಅಂತ ಗೊತ್ತಾದದ್ದೇ ಅವತ್ತು. 11 ಜನರಿಗೆ ವಾರಕ್ಕೆ ಎರಡು ಸಲ, ಮೂರು ಸಾವಿರ ಚಿಲ್ಲರೆ ಹೋಗುತ್ತೆ. ಮೇ 13ಕ್ಕೆ ನಡಿಗೆ ಮುಗಿಯಿತು, ದುಡ್ಡು ದೀಪಾವಳಿ ದಾಟಿತು.

ನನ್ನ ಭಾಮೈದ ಮೊದಲ ದಿನವೇ ಹೇಳಿದ್ದ, "ಭಾವ, ನೀನು ನೂರು ದಿನ ನಡೆದ್ರೆ ಸಾವಿರ ರೂಪಾಯಿ ಕೊಡ್ತೀನಿ." ನೂರನೇ ದಿನ ಅವನ ಮನೆ ಮುಂದೆಯೇ ನಡೆದೆ, ಬಾಗಿಲು ಹಾಕಿತ್ತು. ಪುಸ್ತಕದ ಕೊನೇ ಪುಟದಲ್ಲಿ ಕೆಂಪು ಇಂಕಿನಲ್ಲಿ ಅವನೊಬ್ಬನ ಹೆಸರಿದೆ, ಬಾಕಿ 1,000.