ಹಳೆ ಹಂಚು, ಹರಿದ ಬಲೆ, ಆರು ಕೋಳಿ

ನಮ್ಮ ಮನೆ ಅಂಕೋಲಾ ಹತ್ತಿರ. ಹಳೆ ಕೊಟ್ಟಿಗೆ ಕೆಡವಿದಾಗ ಮಂಗಳೂರು ಹಂಚು, ಹಂಚು ಕೂರಿಸುವ ಮರದ ಪಟ್ಟಿ ಅಂದರೆ ರೀಪು, ಮುರುಕು ಬಾಗಿಲು ಎಲ್ಲಾ ಹಿತ್ತಿಲಲ್ಲಿ ರಾಶಿ ಬಿದ್ದಿತ್ತು. “ಅದರಲ್ಲೇ ಒಂದು ಕೋಳಿಗೂಡು ಮಾಡೋ ಮಾರಾಯ, ಇವು ಹಲಸಿನ ಮರದಲ್ಲೇ ಮಲಗ್ತವೆ” ಎಂದರು ಅಮ್ಮ.

ಅಳತೆ 4 ಅಡಿಗೆ 4 ಅಡಿ. ಹಗಲೆಲ್ಲಾ ಹೊರಗೆ ಮೇಯುವ ಆರು ಊರುಕೋಳಿಗೆ ಧಾರಾಳ ಆಯ್ತು. ಮಳೆಗಾಲದಲ್ಲಿ ಹಿತ್ತಿಲಲ್ಲಿ ನೀರು ನಿಲ್ಲುತ್ತದೆ. ಅದಕ್ಕೇ ನಾಲ್ಕು ಮೂಲೆಗೆ ಚಿರೇಕಲ್ಲು ಪೇರಿಸಿ ಗೂಡನ್ನು 2 ಅಡಿ ಎತ್ತರಿಸಿದೆ. ತಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ, ನಡುವೆ ಒಂದು ಬೆರಳು ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ, ಅಲ್ಲಿಗೆ ಒಲೆಯ ಬೂದಿ ಚೆಲ್ಲಿದರೆ ವಾಸನೆ ಕಡಿಮೆ. ದಬ್ಬೆಯ ಅಂಚನ್ನು ಕತ್ತಿಯಿಂದ ಹೆರೆದು ನುಣ್ಣಗೆ ಮಾಡಲೇಬೇಕು, ಸಿಬಿರು ಮೊದಲು ನನ್ನ ಕೈಗೇ ಚುಚ್ಚಿತ್ತು.

ಮಾಡಿಗೆ ಒಂದು ಹಂಚನ್ನೇ ಅಳತೆಗೆ ಇಟ್ಟುಕೊಂಡು ರೀಪು ಹೊಡೆದೆ. ಹಂಚು ಹೊದಿಸಿದ್ದು ಕೆಳಗಿನಿಂದ ಮೇಲಕ್ಕೆ. ಆದರೆ ಇಳಿಜಾರು ಸಾಲಲಿಲ್ಲ. ಮೊದಲ ಮಳೆಗೇ ನೀರು ಹಂಚಿನ ಸಂದಿಯಿಂದ ಒಳಗೆ ತೊಟ್ಟಿಕ್ಕಿತು. ಹಂಚು ಇಳಿಸಿ, ಹಿಂಬದಿಯ ಕಂಬಗಳನ್ನು ಬದಲಿಸಿ, ಇಡೀ ಮಾಡನ್ನು ಇನ್ನಷ್ಟು ಇಳಿಜಾರಾಗಿ ಮತ್ತೆ ಕಟ್ಟಿದೆ. ಬಾಗಿಲು ಮಾತ್ರ ಮೊದಲಿಂದಲೂ ಪೂರ್ವಕ್ಕೆ, ಕಡಲ ಕಡೆಯಿಂದ ಬರುವ ಇರಚಲಿಗೆ ಬೆನ್ನು ಹಾಕಿ.

ದೊಡ್ಡ ತಪ್ಪು ಮಾಡಿದ್ದು ಸುತ್ತಲಿನ ಗೋಡೆಯಲ್ಲಿ. ಬಂದರದಿಂದ ಯಾರೋ ಕೊಟ್ಟ ಹಳೆ ಮೀನುಬಲೆಯನ್ನು ಎರಡು ಪದರ ಮಾಡಿ ಬಿಗಿದಿದ್ದೆ. ಸುಮ್ನೆ ಸಿಕ್ಕಿತಲ್ಲಾ ಎಂಬ ಖುಷಿ! ಎರಡನೇ ವಾರ ರಾತ್ರಿ ಕಬ್ಬೆಕ್ಕು ಬಲೆ ಕಡಿದು ಒಳಗೆ ನುಗ್ಗಿತು. ಬೆಳಗ್ಗೆ ನೋಡಿದರೆ ಎರಡು ಹೇಂಟೆ ಇಲ್ಲ, ಬರೀ ಗರಿ. ಬಿಸಿಲಲ್ಲಿ ಒಣಗಿದ ಬಲೆ ಕೈಯಲ್ಲೇ ಪುಡಿಯಾಗುತ್ತಿತ್ತು. ಅದನ್ನು ನಾನು ಮೊದಲೇ ಎಳೆದು ನೋಡಬೇಕಿತ್ತು, ಅಲ್ವಾ?

ಆಮೇಲೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ ಕೊಂಡು ತಂದೆ. ಗೂಡಿಗೆ ಹೊಸದಾಗಿ ಕೊಂಡಿದ್ದು ಅದು, ಕೊಂಡಿ, ಒಂದು ಚಿಲಕ, ಅಷ್ಟೇ. ಬರೀ ಮೊಳೆ ಹೊಡೆದರೆ ಪ್ರಾಣಿ ಜಾಲರಿಯನ್ನು ಎಳೆದು ಕಿತ್ತುಬಿಡುತ್ತದೆ. ಅಂಚಿನ ಮೇಲೆ ಉಳಿದ ರೀಪು ತುಂಡು ಇಟ್ಟು, ಅದರ ಮೇಲಿಂದ ಮೊಳೆ ಹೊಡೆದೆ. ಗಾಳಿಗೆ ಮಾಡಿನ ಕೆಳಗೆ ಅರ್ಧ ಅಡಿ ಜಾಗ ಬಿಟ್ಟು ಅಲ್ಲಿಗೂ ಅದೇ ಜಾಲರಿ.

ಈಗ ಗೂಡಿನಲ್ಲಿ ಮತ್ತೆ ಆರು ಕೋಳಿ. ಮೊಟ್ಟೆ ಇಡಲಿ ಎಂದು ಹಳೆ ಬುಟ್ಟಿಗೆ ಹುಲ್ಲು ಹಾಸಿಟ್ಟಿದ್ದೇನೆ. ಐದು ಅಲ್ಲೇ ಇಡುತ್ತವೆ. ಆರನೆಯದು ಸೌದೆ ರಾಶಿಯಲ್ಲಿ ಇಟ್ಟು, ಸಂಜೆಗೆ ಹಲಸಿನ ಮರ ಹತ್ತುತ್ತದೆ. ದೋಟಿ ಹಿಡಿದು ಇಳಿಸುವ ಕೆಲಸ ಅಮ್ಮನದು.