ಬಟ್ಟೆ ತುಂಡು, ಬಿದರಿ ಸ್ಟ್ಯಾಂಡು, ಗುರುಗಳ ಚೀಟಿ

"ಏನ್ರೀ, ಉಗುರಿನಷ್ಟು ಬಟ್ಟಿಗೆ ನಾಕ್ ಸಾವಿರದ ಸ್ಟ್ಯಾಂಡಾ?" ಅಂತ ನಕ್ಕವರೇ ಈಗ ಅದನ್ನು ಮನೆಗೆ ಒಯ್ಯುವ ಪಾಳಿಗಾಗಿ ಜಗಳ ಆಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹತ್ತಿರ ಇರುವುದು ಕಥೋಲಿಕ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿಯವರ ಅವಶೇಷ. ಮೂರನೇ ದರ್ಜೆಯದು, ಅಂದರೆ ಮೂಳೆಯಲ್ಲ, ಸಂತರ ಅವಶೇಷಕ್ಕೆ ಮುಟ್ಟಿಸಿದ ಬಟ್ಟೆ. ವಯಸ್ಸಾದ ಗುರುಗಳೊಬ್ಬರು ಸುಮ್ನೆ ಕೊಟ್ಟರು. ಚರ್ಚಿನ ನಿಯಮದಂತೆ ಅವಶೇಷ ಮಾರುವಂತಿಲ್ಲ. ಬೀದರಿನಲ್ಲಿ ಮೆಥೋಡಿಸ್ಟರು (ಪ್ರಾಟೆಸ್ಟಂಟ್ ಕ್ರೈಸ್ತರು) ಬಹಳ, ನಮ್ಮ ಬೀಗರಲ್ಲೂ ಇದ್ದಾರೆ. "ಇದು ಬೈಬಲಿನಲ್ಲಿ ಎಲ್ಲೈತಿ?" ಅಂದರು. ಅವರದೇ ಬೈಬಲ್ ತೆಗೆದು ಅಪೊಸ್ತಲರ ಕೃತ್ಯಗಳು 19:12 ಓದಿಸಿದೆ, ಪೌಲನ ಮೈಗೆ ಮುಟ್ಟಿಸಿದ ಬಟ್ಟೆಯಿಂದ ರೋಗಿಗಳು ವಾಸಿಯಾದ ಮಾತು. ಪಕ್ಕದ ಮನೆಯ ಲಿಂಗಾಯತ ಅಜ್ಜಿಗೆ ಅಷ್ಟೂ ಬೇಕಾಗಲಿಲ್ಲ. "ನಮ್ಮ ಶರಣರ ಗದ್ದುಗಿ ಇದ್ದಂಗ ಅಲ್ಲೇನು" ಅಂದು ಕೈ ಮುಗಿದಳು.

ಮೊದಲ ವರ್ಷ ಪೂರಾ ಸೋಲು. ಗುರುವಾರ ಸಂಜೆ ಚರ್ಚಿನಲ್ಲಿ ಅವಶೇಷ ಇಟ್ಟು ಗುರುಗಳಿಗಾಗಿ ಜಪಸರ (ರೋಸರಿ) ಮಾಡಿದರೆ ಬಂದವರು ನಾಲ್ಕು ಅಜ್ಜಿಯರು, ಮತ್ತೆ ನಾನು. "ಎಲ್ಲ ಗುರುಗಳಿಗಾಗಿ" ಅಂದರೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ, ಅಲ್ವಾ?

ಡಬ್ಬಿಯದು ಇನ್ನೊಂದು ಕಥೆ. ಮೊದಲು ಪ್ಲಾಸ್ಟಿಕ್ ಮುಚ್ಚಳದ್ದು, 350 ರೂಪಾಯಿ. ಕೊರೊನಾ ಆದಮೇಲೆ ಮುತ್ತಿಟ್ಟವರ ಹಿಂದೆ ಸ್ಪಿರಿಟ್ ಹಾಕಿ ಒರೆಸಿದೆವು. ಎರಡೇ ತಿಂಗಳಲ್ಲಿ ಮುಚ್ಚಳ ಮಂಜು ಕಟ್ಟಿದಂತೆ ಬಿಳಿಚಿತು. ಮೇ ತಿಂಗಳ ಬಿಸಿಲಿಗೆ ಅಂಟೂ ಬಿಟ್ಟಿತು. ಕೊನೆಗೆ ಗಡಿಯಾರ ರಿಪೇರಿಯವನು 80 ರೂಪಾಯಿಗೆ ಹಳೇ ವಾಚಿನ ಗಾಜು ಕೂರಿಸಿಕೊಟ್ಟ. ಇವತ್ತಿಗೂ ಅದೇ ಇದೆ.

ಸ್ಟ್ಯಾಂಡು ಬಿದರಿಯದು. ಅದನ್ನು ಮಾಡುವ ಚಾಚಾ ಆರೂವರೆ ಸಾವಿರ ಹೇಳಿ ನಾಲ್ಕಕ್ಕೆ ಇಳಿದರು. ಕೋಟೆ ಮಣ್ಣಿನ ಆ ಕಪ್ಪಿನ ಮೇಲೆ ಬೆಳ್ಳಿ ಶಿಲುಬೆ, ನೋಡಬೇಕು ನೀವು! ಹಬ್ಬದ ಹಿಂದಿನ ದಿನ ನಮ್ಮಲ್ಲೊಬ್ಬರು ಹಿತ್ತಾಳೆ ಅಂದುಕೊಂಡು ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರು. ಕಪ್ಪೆಲ್ಲ ಬೂದಿಬಣ್ಣ. ಮತ್ತೆ ಚಾಚಾ, ಮತ್ತೆ 600. ಈಗ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಒಳಗೆ ಎಲ್‌ಇಡಿ ಕೂಡ ಇಟ್ಟು ನೋಡಿದೆ. ಮದುವೆ ಮಂಟಪದ ಹಾಗೆ ಕಾಣಿಸಿತು, ಕಿತ್ತೆಸೆದೆ.

ಕೆಲಸ ಮಾಡಿದ್ದು ಚೀಟಿ. ವಿಚಾರಣಾ ಗುರುಗಳ ಒಪ್ಪಿಗೆ ಪಡೆದು ಅವಶೇಷವನ್ನು ಮನೆಮನೆಗೆ ಕಳಿಸಿದೆ, ಒಂದು ಮನೆಗೆ ಒಂದು ವಾರ. ಜೊತೆಗೆ ಒಬ್ಬ ಗುರುವಿನ ಹೆಸರಿನ ಚೀಟಿ, ಆ ವಾರದ ಪ್ರಾರ್ಥನೆ ಅವರಿಗಾಗಿ: ನಮಗೆ ಜ್ಞಾನಸ್ನಾನ ಕೊಟ್ಟವರು, ವರ್ಗವಾಗಿ ಯಾದಗಿರಿ ಕಡೆ ಹೋದವರು, ಆಸ್ಪತ್ರೆಯಲ್ಲಿ ಇರುವವರು. ವಿಯಾನ್ನಿಯವರು 1818ರಲ್ಲಿ ಫ್ರಾನ್ಸಿನ ಹಳ್ಳಿ ಆರ್ಸ್‌ಗೆ ಬಂದಾಗ ಅಲ್ಲಿ ಸುಮಾರು 230 ಜನ. ನಮ್ಮದೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಚಿಕ್ಕ ಊರು ಅನ್ನುವ ನೆಪ ನಡೆಯುವುದಿಲ್ಲ. ಹೊತ್ತು ರಾತ್ರಿ ಎಂಟೂವರೆ, ಜಪಸರದ ಒಂದು ರಹಸ್ಯ (ಐದು ಭಾಗಗಳಲ್ಲಿ ಒಂದು), ಹದಿನೈದು ನಿಮಿಷ, ಮುಗೀತು.

ನಾಲ್ಕು ಮನೆಯಿಂದ ಈಗ ಇಪ್ಪತ್ತರ ಮೇಲಾಗಿದೆ. ಆಗಸ್ಟ್ 4ರ ಹಬ್ಬದ ವಾರ ಯಾರ ಮನೆಗೆ ಅಂತ ಈಗಲೇ ತಕರಾರು. ಮೊನ್ನೆ ನಮ್ಮ ಹಳೇ ಫಾದರ್ ಫೋನ್ ಮಾಡಿದ್ದರು. "ನನ್ನ ಚೀಟಿ ಈ ವಾರ ಯಾರ ಮನ್ಯಾಗ ಅದರಿ?" ಅಂತ ಕೇಳಿದರು. ಪಾಳಿ ಬರೆದಿಟ್ಟ ವಹಿ ನೋಡಿದೆ. ನಮ್ಮ ಮನೆಯಲ್ಲೇ ಇತ್ತು.