ಸಂಪಿನ ನೀರು, ಟ್ಯಾಂಕರ್ ರೇಟು ಮತ್ತು ಗೇಮ್ ಥಿಯರಿ

12,000 ಲೀಟರಿನ ಟ್ಯಾಂಕರಿಗೆ 1,200 ರೂಪಾಯಿ ಅಂತ ಇಟ್ಟುಕೊಳ್ಳಿ. ಲೀಟರಿಗೆ ಹತ್ತು ಪೈಸೆ ಬಿತ್ತು. 15 ಲೀಟರಿನ ಬಕೆಟ್ಟಿಗೆ ಒಂದೂವರೆ ರೂಪಾಯಿ. ಬೆಂಗಳೂರಿನ ಹೊರಮಾವು ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 48 ಮನೆ, ನೀರಿನ ಖರ್ಚು ಎಲ್ಲರಿಗೂ ಸಮಪಾಲು. ಅಂದರೆ ನಾನು ಒಂದು ಬಕೆಟ್ ಜಾಸ್ತಿ ಸುರಿದುಕೊಂಡರೆ ನನ್ನ ಜೇಬಿನಿಂದ ಹೋಗುವುದು ಮೂರು ಪೈಸೆ. ಉಳಿದದ್ದನ್ನು ಮಿಕ್ಕ 47 ಮನೆಯವರು ಕಟ್ಟುತ್ತಾರೆ. ಹಟ ಹಿಡಿದು ಒಂದು ಬಕೆಟ್ ಉಳಿಸಿದರೂ ನನಗೆ ಸಿಗುವುದು ಅದೇ ಮೂರು ಪೈಸೆ. ಇನ್ನು ಯಾರು ತಾನೇ ಉಳಿಸುತ್ತಾರೆ?

ನಾನು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಜೊತೆಗೆ ನಮ್ಮ ಅಸೋಸಿಯೇಷನ್ನಿನ ಖಜಾಂಚಿ. ನನ್ನ ಲಾಭ ಬೇರೆಯವರ ನಡೆಯ ಮೇಲೂ ನಿಂತಿರುವಾಗ ಯಾರು ಏನು ಆರಿಸುತ್ತಾರೆ ಅಂತ ಲೆಕ್ಕ ಹಾಕುವುದೇ ಗೇಮ್ ಥಿಯರಿ. ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯುವ ಆ ಥಿಯರಿ ಸಂಜೆ ಮೀಟಿಂಗಿನಲ್ಲಿ ಎಷ್ಟು ಕೆಲಸಕ್ಕೆ ಬಂತು, ಎಲ್ಲಿ ಕೈಕೊಟ್ಟಿತು ಅನ್ನುವುದನ್ನು ಬರೆಯೋಣ ಅನ್ನಿಸಿತು. ಮೇಲಿನ ಮೂರು ಪೈಸೆ ಲೆಕ್ಕ ಅದರ ಕೊಡುಗೆಯೇ. ‘ಜನಕ್ಕೆ ಜವಾಬ್ದಾರಿ ಇಲ್ಲ’ ಅಂತ ವಾಟ್ಸಾಪಿನಲ್ಲಿ ನಡೆಯುತ್ತಿದ್ದ ಜಗಳ ಆ ಲೆಕ್ಕ ಹಾಕಿ ತೋರಿಸಿದ ಮೇಲೆ ಸ್ವಲ್ಪ ತಣ್ಣಗಾಯಿತು. ತಪ್ಪು ಜನರದ್ದಲ್ಲ, ಬಿಲ್ ಹಂಚುವ ಪದ್ಧತಿಯದ್ದು ಅಂತ ಒಂದಿಷ್ಟು ಜನರಾದರೂ ಒಪ್ಪಿದರು.

ಪಾಠದ ಭಾಷೆಯಲ್ಲಿ ಇದು ಕೈದಿಗಳ ಇಕ್ಕಟ್ಟು. 1950ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿ ಫ್ಲಡ್ ಮತ್ತು ಡ್ರೆಶರ್ ಅನ್ನುವ ಗಣಿತಜ್ಞರು ಈ ಆಟ ಕಟ್ಟಿದರು. ಟಕರ್ ಅನ್ನುವ ಇನ್ನೊಬ್ಬ ಗಣಿತಜ್ಞರು ಅದಕ್ಕೆ ಇಬ್ಬರು ಕೈದಿಗಳ ಕಥೆ ಜೋಡಿಸಿದರು: ಇಬ್ಬರೂ ಬಾಯಿ ಬಿಡದಿದ್ದರೆ ಇಬ್ಬರಿಗೂ ಸಣ್ಣ ಶಿಕ್ಷೆ, ಆದರೂ ತನ್ನ ಶಿಕ್ಷೆ ತಗ್ಗಲಿ ಅಂತ ಇಬ್ಬರೂ ಒಬ್ಬರ ಮೇಲೊಬ್ಬರು ಹೇಳಿಬಿಡುತ್ತಾರೆ. ಪ್ರತಿಯೊಬ್ಬನೂ ತನಗೆ ಒಳ್ಳೆಯದನ್ನೇ ಆರಿಸುತ್ತಾನೆ, ಕೊನೆಗೆ ಎಲ್ಲರಿಗೂ ಕೆಟ್ಟದ್ದಾಗುತ್ತದೆ. ಒಬ್ಬನೇ ಬದಲಾದರೆ ಅವನಿಗೇ ನಷ್ಟ, ಹಾಗಾಗಿ ಯಾರೂ ಅಲ್ಲಾಡುವುದಿಲ್ಲ. ಇಂಥ ನಿಲುಗಡೆಗೇ ನ್ಯಾಶ್ ಸಮತೋಲನ ಅನ್ನುತ್ತಾರೆ.

2024ರ ಬೇಸಿಗೆಯ ನೀರಿನ ಬರ ನಿಮಗೆ ನೆನಪಿರಬೇಕು. ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚಿನಲ್ಲಿ ಆದೇಶ ಹೊರಡಿಸಿತ್ತು. ನಮ್ಮಲ್ಲೂ ಕಾರು ತೊಳೆದರೆ 500 ದಂಡ ಹಾಕೋಣ ಅಂತ ಒಬ್ಬರು ಎದ್ದರು. ಕೂಡಲೇ ಮೂರನೇ ಮಹಡಿಯವರು, ‘ಐನೂರು ತಾನೇ? ತಿಂಗಳಿಗೊಂದ್ಸಲ ಕೊಟ್ಬಿಡ್ತೀನಿ, ಕಾರು ನೀಟಾಗಿರ್ಲಿ ಬಿಡಿ’ ಅಂದರು. ಎಲ್ಲರೂ ನಕ್ಕರು. ನನಗೆ ಹೈಫಾ ನೆನಪಾಯಿತು. ಇಸ್ರೇಲಿನ ಆ ಊರಿನ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿ ನೋಡಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಜಾಸ್ತಿಯಾದರು. ದಂಡ ತೆಗೆದ ಮೇಲೂ ಮೊದಲಿನಂತಾಗಲಿಲ್ಲ. ಗ್ನೀಝಿ ಮತ್ತು ರುಸ್ಟಿಕಿನಿ ಅನ್ನುವ ಅರ್ಥಶಾಸ್ತ್ರಜ್ಞರು 2000ದಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಟೀಚರಮ್ಮನ ಮುಖ ನೋಡಲು ನಾಚಿಕೆಪಡುತ್ತಿದ್ದವರು, ದುಡ್ಡು ಕೊಟ್ಟ ಮೇಲೆ ಅದು ತಮ್ಮ ಹಕ್ಕು ಅಂದುಕೊಂಡರು. ಮೂರನೇ ಮಹಡಿಯವರು ಓದದೆಯೇ ಅದನ್ನು ಹೇಳಿಬಿಟ್ಟಿದ್ದರು. ದಂಡದ ಮಾತು ಅಲ್ಲಿಗೆ ಬಿತ್ತು.

ಹಾಗಾದರೆ ಮನೆಮನೆಗೆ ಮೀಟರ್ ಹಾಕಿದರಾಯಿತು, ಅಲ್ವಾ? ಥಿಯರಿ ಹೇಳುವುದೂ ಅದನ್ನೇ. ಅವರವರ ಬಕೆಟ್ಟಿನ ಪೂರ್ತಿ ಬೆಲೆ ಅವರವರೇ ಕಟ್ಟಲಿ. ಆದರೆ ನಮ್ಮದು ಹಳೇ ಕಟ್ಟಡ. ಒಂದೊಂದು ಬಾತ್‌ರೂಮಿಗೆ ಒಂದೊಂದು ಪೈಪ್, ಅಡುಗೆಮನೆಗೆ ಬೇರೆ, ಯುಟಿಲಿಟಿಗೆ ಬೇರೆ. ಒಂದು ಮನೆಗೆ ನಾಲ್ಕು ಕಡೆಯಿಂದ ನೀರು ಇಳಿಯುತ್ತದೆ, ಹಾಗಾಗಿ ನಾಲ್ಕು ಮೀಟರ್ ಬೇಕು. ಖರ್ಚು ಸಣ್ಣದಲ್ಲ.

ವೋಟಿಗೆ ಹಾಕುವ ಮೊದಲು ನಾನು ಕೂತು, ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಮನೆ ಲೆಕ್ಕದಲ್ಲಿ ಒಂದು ಪಟ್ಟಿ ಮಾಡಿದೆ. ಇಬ್ಬರೇ ಇರುವ ಮನೆಗಳು ಹೌದು ಅನ್ನಬೇಕು. ಆರು ಜನರಿರುವ ಮನೆಗಳು ಬೇಡ ಅನ್ನಬೇಕು. ಬ್ಯಾಚುಲರ್ ಹುಡುಗರಿಗೆ ಬಾಡಿಗೆ ಕೊಟ್ಟ ಓನರುಗಳೂ ಬೇಡ. ಬೀಗ ಹಾಕಿ ಅಮೆರಿಕಕ್ಕೆ ಹೋದವರು ನೀರಿನ ಬಿಲ್ ಉಳಿಯುತ್ತೆ ಅಂತ ಹೌದೋ, ಮೀಟರಿನ ಖರ್ಚು ಬೇಡ ಅಂತ ಇಲ್ಲವೋ, ಎರಡೂ ಆಗಬಹುದು. ಪಟ್ಟಿ ಬಹುಪಾಲು ಸರಿಯಾಗಿಯೇ ಬಂತು. ಥಿಯರಿಯ ಬಗ್ಗೆ ಹೆಮ್ಮೆಯೂ ಅನ್ನಿಸಿತು.

ತಪ್ಪಿದ್ದು ಒಂದು ಮನೆಯಲ್ಲಿ. ರಿಟೈರ್ ಆದ ದಂಪತಿ, ನೀರು ಬಳಸುವುದೇ ಕಡಿಮೆ. ಮೀಟರ್ ಬಂದರೆ ಎಲ್ಲರಿಗಿಂತ ಜಾಸ್ತಿ ಉಳಿತಾಯ ಅವರಿಗೇ. ಅವರು ಬೇಡ ಅಂದರು. ಯಾಕೆ ಆಂಟಿ ಅಂದೆ. ‘ಪಕ್ಕದ್ಮನೇಲಿ ಬಾಣಂತಿ ಇದಾಳಪ್ಪ. ದಿನಾ ಎರಡು ಹೊತ್ತು ನೀರು ಹಾಕ್ಬೇಕು. ಅವರು ಮೀಟರ್ ನೋಡ್ಕೊಂಡು ಸ್ನಾನ ಮಾಡಿಸ್ಬೇಕಾ?’

ಇದಕ್ಕೆ ಥಿಯರಿ ಬಳಿ ಉತ್ತರ ಇಲ್ಲದಿಲ್ಲ. ಪಕ್ಕದ ಮನೆಯವರ ಸುಖವನ್ನೂ ಆಂಟಿಯ ಲಾಭದ ಕಾಲಮ್ಮಿಗೆ ಸೇರಿಸಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ನನಗೆ ಕಿರಿಕಿರಿ ಆಗುವುದೇ ಇಲ್ಲಿ. ವೋಟು ಬಿದ್ದ ಮೇಲೆ ಕಾಲಮ್ ತುಂಬುವುದಾದರೆ ಯಾವ ಲೆಕ್ಕ ತಾನೇ ತಪ್ಪಾಗುತ್ತೆ? ಯಾವ ಆಯ್ಕೆಯಿಂದ ಯಾರಿಗೆ ಎಷ್ಟು ಲಾಭ ಅನ್ನುವ ಕೋಷ್ಟಕ ತುಂಬಿಕೊಟ್ಟರೆ ಗೇಮ್ ಥಿಯರಿ ಉತ್ತರ ಕೊಡುತ್ತದೆ. ಕೋಷ್ಟಕದಲ್ಲಿ ಏನು ಬರೆಯಬೇಕು ಅನ್ನುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಆಂಟಿ ಮನೆ ಬಾಗಿಲು ತಟ್ಟಲೇಬೇಕು.

ಟ್ಯಾಂಕರ್ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಆ ಮಾರ್ಚಿನಲ್ಲಿ ಜಿಲ್ಲಾಡಳಿತ ದರ ಕಟ್ಟಿತ್ತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 8,000ಕ್ಕೆ 700, 12,000ಕ್ಕೆ 1,000 ರೂಪಾಯಿ. 5ರಿಂದ 10 ಕಿಲೋಮೀಟರಿಗೆ 750, 850, 1,200. ಮೊದಲೇ ಹೇಳಿದ 1,200 ಬಂದದ್ದು ಇಲ್ಲಿಂದ. ಕಾಗದದ ಮೇಲಿನ ರೇಟು ಅದು. ಫೋನ್ ಮಾಡಿದರೆ ‘ಆ ರೇಟಿಗೆ ಲೋಡ್ ಇಲ್ಲ ಸಾರ್, ನಾಡಿದ್ದು ನೋಡೋಣ’. ನಮ್ಮ ರಸ್ತೆಯಲ್ಲಿ ನಾಲ್ಕು ಅಪಾರ್ಟ್‌ಮೆಂಟ್, ಯಾವುದಕ್ಕೂ ಆಗ ಕಾವೇರಿ ಬಂದಿರಲಿಲ್ಲ. ನಾಲ್ವರೂ ಫೋನ್ ಮಾಡುತ್ತಿದ್ದದ್ದು ಅದೇ ಟ್ಯಾಂಕರಿನವರಿಗೆ. ಒಬ್ಬರು ‘ಮೇಲೆ ಇನ್ನೂರು ಕೊಡ್ತೀವಿ, ಮೊದಲು ನಮ್ಮ ಗೇಟಿಗೆ ಬನ್ನಿ’ ಅಂದರೆ ಮರುದಿನ ಇನ್ನೊಬ್ಬರು ಮುನ್ನೂರು. ಬರುವ ನೀರು ಅಷ್ಟೇ, ರೇಟು ಮಾತ್ರ ಏರುತ್ತಿತ್ತು.

ನಾಲ್ಕೂ ಕಡೆಯ ಖಜಾಂಚಿಗಳು ಸೇರಿ, ಯಾರೂ ಇಂತಿಷ್ಟಕ್ಕಿಂತ ಮೇಲೆ ಕೊಡುವುದು ಬೇಡ ಅಂತ ಮಾತಾಡಿಕೊಂಡೆವು. ದಿನಾ ಮುಖ ನೋಡುವವರು, ಒಪ್ಪಂದ ಉಳಿಯಬೇಕು. ಒಂದೇ ಆಟವನ್ನು ಮತ್ತೆ ಮತ್ತೆ ಆಡುವಾಗ ಸಹಕಾರ ಹುಟ್ಟಬಹುದು ಅಂತ ಪಾಠದಲ್ಲಿದೆ. 1980ರ ಸುಮಾರಿಗೆ ರಾಜ್ಯಶಾಸ್ತ್ರಜ್ಞ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಮುಗಳ ನಡುವೆ ಇದೇ ಕೈದಿಗಳ ಆಟದ ಪಂದ್ಯ ಇಟ್ಟಾಗ ಗೆದ್ದದ್ದು ಬರೀ ಮುಯ್ಯಿಗೆ ಮುಯ್ಯಿ ತೀರಿಸುವ ಪುಟ್ಟ ಪ್ರೋಗ್ರಾಮು. ನಮ್ಮ ಒಪ್ಪಂದ ಮಾತ್ರ ವಾರ ತುಂಬುವ ಮೊದಲೇ ಮುರಿಯಿತು. ಮೂಲೆಯ ಕಟ್ಟಡದವರು ರಾತ್ರಿ ಹನ್ನೊಂದಕ್ಕೆ ದುಬಾರಿ ಟ್ಯಾಂಕರ್ ಇಳಿಸಿಕೊಂಡರು. ಗ್ರೂಪಿನಲ್ಲಿ ಒಬ್ಬರು ‘ಮೋಸ’ ಅಂತಲೇ ಬರೆದರು.

ಬೆಳಿಗ್ಗೆ ನಮ್ಮ ವಾಚ್‌ಮನ್, ಯಾದಗಿರಿ ಕಡೆಯವನು, ಹೇಳಿದ: ‘ಅವರ ಸಂಪಿನಾಗ ಒಂದ್ ಗೇಣ್ ನೀರಿತ್ತ್ರಿ ಸರ. ಅವರರ ಏನ್ ಮಾಡ್ಬೇಕು?’

ಥಿಯರಿಯಲ್ಲಿ ತಾಳ್ಮೆಗೆ ಒಂದು ಅಂಕಿ ಇರುತ್ತದೆ. ಸೊನ್ನೆಗೂ ಒಂದಕ್ಕೂ ನಡುವಿನ ಅಂಕಿ. ನಾಳೆಯ ಲಾಭ ಇವತ್ತು ನನಗೆ ಎಷ್ಟು ಬೆಲೆ ಬಾಳುತ್ತದೆ ಅಂತ ಅದು ಹೇಳುತ್ತದೆ. ಅಂಕಿ ದೊಡ್ಡದಿದ್ದರೆ ಒಪ್ಪಂದ ನಿಲ್ಲುತ್ತದೆ, ಚಿಕ್ಕದಾದರೆ ಮುರಿಯುತ್ತದೆ. ಪುಸ್ತಕದಲ್ಲಿ ಅದು ಆಟಗಾರನ ಸ್ವಭಾವ ಇದ್ದಂತೆ, ಬದಲಾಗುವುದೇ ಇಲ್ಲ. ನಮ್ಮ ರಸ್ತೆಯಲ್ಲಿ ಅದು ಸಂಪಿನ ಮಟ್ಟದ ಜೊತೆ ದಿನಾ ಏರಿಳಿಯುತ್ತಿತ್ತು. ನಮ್ಮ ಸಂಪು ದೊಡ್ಡದು, ಎರಡು ದಿನ ಕಾಯಬಹುದು. ಅವರದ್ದು ಚಿಕ್ಕದು, ಮಧ್ಯಾಹ್ನಕ್ಕೆ ಖಾಲಿ. ಮುಂದಿನ ವಾರದ ರೇಟು ಕಟ್ಟಿಕೊಂಡು ಅವರಿಗೇನಾಗಬೇಕು?

ಒಪ್ಪಂದ ಯಾಕೆ ಮುರಿಯಿತು ಅಂತ ಥಿಯರಿಯಿಂದ ತಿಳಿಯಿತು. ದಾರಿ ಮಾತ್ರ ವಾಚ್‌ಮನ್‌ಗಳ ಕೋಲಿನಿಂದ ಸಿಕ್ಕಿತು. ಅವರೆಲ್ಲ ಮೊದಲಿಂದಲೂ ಬೆಳಿಗ್ಗೆ ಸಂಪಿಗೆ ಬಿದಿರಿನ ಕೋಲು ಇಳಿಸಿ ಮಟ್ಟ ನೋಡುತ್ತಿದ್ದರು. ಒದ್ದೆಯಾದ ಕೋಲಿನ ಫೋಟೋ ಗ್ರೂಪಿಗೆ ಹಾಕುವುದು, ಯಾರ ಮಟ್ಟ ಎಲ್ಲಕ್ಕಿಂತ ಕೆಳಗಿದೆಯೋ ಮೊದಲ ಟ್ಯಾಂಕರ್ ಅವರಿಗೆ ಅಂತ ಮಾಡಿದೆವು. ರೇಟಿನ ಮಾತೇ ಬೇಡ. ಸುಳ್ಳು ಫೋಟೋ ಹಾಕಬಹುದಿತ್ತಲ್ಲ ಅಂತ ಕೇಳುತ್ತೀರಿ. ಹಾಕಬಹುದಿತ್ತು. ಆದರೆ ನಾಲ್ಕೂ ಕಡೆಯ ವಾಚ್‌ಮನ್‌ಗಳು ಚಹಾ ಕುಡಿಯುವುದು ಒಂದೇ ಗೂಡಂಗಡಿಯಲ್ಲಿ. ಅಲ್ಲಿ ಯಾವ ಸಂಪಿನ ಗುಟ್ಟೂ ಉಳಿಯುತ್ತಿರಲಿಲ್ಲ. ಲಾಸ್ ಏಂಜಲೀಸಿನ ಅಂತರ್ಜಲ ಹಂಚಿಕೆಯ ಮೇಲೆ ಡಾಕ್ಟರೇಟ್ ಮಾಡಿದ ಎಲಿನಾರ್ ಓಸ್ಟ್ರಮ್ ಮುಂದೆ ಬೇರೆ ಬೇರೆ ದೇಶಗಳ ನೀರು, ಕಾಡು, ಹುಲ್ಲುಗಾವಲುಗಳಲ್ಲಿ ಕಂಡದ್ದೂ ಇಂಥದ್ದೇ: ಬಳಸುವವರೇ ಕಣ್ಣಿಟ್ಟರೆ ನಿಯಮ ಬಾಳುತ್ತದೆ. ಅವರಿಗೆ 2009ರಲ್ಲಿ ನೊಬೆಲ್ ಬಂತು. ನಮ್ಮ ನಾಲ್ವರಲ್ಲಿ ಒಬ್ಬರು ನಡುವೆ ತಿಂಗಳ ಕಾಂಟ್ರ್ಯಾಕ್ಟ್ ಮಾಡಿಕೊಂಡು ಹೊರಹೋದರು. ಮಿಕ್ಕ ಮೂವರು ಮಳೆ ಬರುವವರೆಗೆ ನಡೆಸಿದೆವು.

ಹಾಗಂತ ಥಿಯರಿ ಬರೀ ವಿವರಣೆಗೆ ಅಂತಲ್ಲ. ಆಟಗಾರರು ಕೆಲವರೇ ಇದ್ದು, ನಿಯಮ ಬರಹದಲ್ಲಿದ್ದು, ಲಾಭವನ್ನು ದುಡ್ಡಿನಲ್ಲೇ ಅಳೆಯುವಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ. ಮೊಬೈಲ್ ಕಂಪನಿಗಳಿಗೆ ರೇಡಿಯೋ ತರಂಗಗಳನ್ನು ಹಂಚುವ ಸ್ಪೆಕ್ಟ್ರಮ್ ಹರಾಜೇ ಅದಕ್ಕೆ ಸಾಕ್ಷಿ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಹರಾಜಿನ ವಿನ್ಯಾಸಕ್ಕೆ ಕೈಹಾಕಿದ ಮಿಲ್ಗ್ರಮ್ ಮತ್ತು ವಿಲ್ಸನ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ 2010ರ 3ಜಿ ಹರಾಜು 34 ದಿನ, 183 ಸುತ್ತು ನಡೆದು ಸರ್ಕಾರಕ್ಕೆ ಸುಮಾರು 67,700 ಕೋಟಿ ತಂದಿತು. ಆದರೆ 2016ರಲ್ಲಿ 700 ಮೆಗಾಹರ್ಟ್ಸ್ ತರಂಗಗಳಿಗೆ ಒಬ್ಬರೂ ಕೂಗಲಿಲ್ಲ. ಕನಿಷ್ಠ ಬೆಲೆಯನ್ನೇ ಅಷ್ಟು ಮೇಲಕ್ಕೆ ಇಟ್ಟಿದ್ದರು. ಹರಾಜಿನ ನಿಯಮ ಎಷ್ಟು ಚೆನ್ನಾಗಿದ್ದರೂ ಆ ಒಂದು ಅಂಕಿ ತಪ್ಪಿದರೆ ಮುಗಿಯಿತು.

ಕ್ಲಾಸಿನಲ್ಲಿ ಹೊಸ ಬ್ಯಾಚಿಗೆ ಒಂದು ಆಟ ಆಡಿಸುತ್ತೇನೆ. ಸೊನ್ನೆಯಿಂದ ನೂರರೊಳಗೆ ಒಂದು ಸಂಖ್ಯೆ ಬರೆಯಿರಿ. ಎಲ್ಲರ ಸರಾಸರಿಯ ಮೂರನೇ ಎರಡು ಭಾಗಕ್ಕೆ ಹತ್ತಿರ ಬಂದವರು ಗೆದ್ದರು. ಎಲ್ಲರೂ ಪೂರ್ತಿ ಲೆಕ್ಕ ಹಾಕುವವರಾದರೆ, ಮೂರನೇ ಎರಡು, ಅದರ ಮೂರನೇ ಎರಡು ಅಂತ ಇಳಿಯುತ್ತಾ ಹೋಗಿ ಉತ್ತರ ಸೊನ್ನೆ. ನನ್ನ ಕ್ಲಾಸಿನ ಸರಾಸರಿ ಸಾಮಾನ್ಯವಾಗಿ ಮೂವತ್ತರ ಮೇಲೇ ಇರುತ್ತದೆ. ಗೆಲ್ಲುವುದು ಇಪ್ಪತ್ತರ ಆಸುಪಾಸು ಬರೆದವರು. ಒಮ್ಮೆ ಸೊನ್ನೆ ಬರೆದಿದ್ದ ಹುಡುಗಿ ಎದ್ದು ನಿಂತು, ‘ಸರ್, ನಂದೇ ಸರಿ ತಾನೇ?’ ಅಂದಳು. ಸರೀನೇ ಅಮ್ಮ, ಆದರೆ ಗೆದ್ದದ್ದು ಹಿಂದಿನ ಬೆಂಚಿನವನು ಅಂದೆ. ಅವನನ್ನು ಹೇಗೆ ಬರೆದೆಯೋ ಅಂತ ಕೇಳಿದರೆ, ‘ಸುಮ್ನೆ ಸರ್, ಇವರೆಲ್ಲ ಏನ್ ಬರೀತಾರೆ ಅಂತ ಗೊತ್ತಲ್ಲ’ ಅಂದ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ನಮಗೂ ಕನೆಕ್ಷನ್ ಬಂತು, ಟ್ಯಾಂಕರ್ ಕಡಿಮೆಯಾಯಿತು. ಮೀಟರ್ ವಿಷಯ ಇನ್ನೂ ತೀರ್ಮಾನವಾಗಿಲ್ಲ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವ ಸರ್ಕಾರಿ ಮಾನದಂಡದವರೆಗೆ ಮೇಂಟೆನೆನ್ಸ್‌ನಲ್ಲೇ, ಅದರ ಮೇಲೆ ಮೀಟರ್ ರೇಟು ಅಂತ ಹೊಸ ಪ್ರಸ್ತಾಪ ಇಟ್ಟಿದ್ದೇನೆ. ಬಾಣಂತಿ ಇರುವ ಮನೆಗೆ ಎಷ್ಟು ಲೀಟರ್ ಅಂತ ಆಂಟಿ ಕೇಳಿದ್ದಾರೆ. ಕಮಿಟಿ ಆ ಸಾಲನ್ನು ಬರೆಯುತ್ತಿದೆ.